ಎರಡೂ ಕಡೆಯಿಂದ ಬಂದ ತಾತ

೧೯೯೩ರ ಧನುರ್ಮಾಸದ ಒಂದು ಬೆಳಿಗ್ಗೆ, ಮೈಸೂರಿನ ಮಂಡಿ ಮೊಹಲ್ಲಾದ ಆ ಉದ್ದನೆಯ ಮನೆಯ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಬಸಮ್ಮಣ್ಣಿ ಇದ್ದಕ್ಕಿದ್ದಂತೆ ಎದ್ದು ನಿಂತರು. ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಅವರು ಅದನ್ನು ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ನಿಂತರು.

ಕೋಣೆಯಿಂದ ಹೊರಗೆ ಬಂದವನು ಅವರ ಏಳು ವರ್ಷದ ಮೊಮ್ಮಗ ನಾಗಾರ್ಜುನ. ಮೂರು ದಿನದ ಜ್ವರ ಆಗಷ್ಟೇ ಇಳಿದಿತ್ತು. ತಲೆಗೆ ಹಾಕಿದ್ದ ಉಲ್ಲನ್ ಟೋಪಿ ತೆಗೆದಿದ್ದ. ಕೆನ್ನೆ ಒಳಕ್ಕೆ ಹೋಗಿ, ಕಣ್ಣಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು.

"ಬಂದ್ಬುಟ್ರಾ?" ಅಂದರು ಬಸಮ್ಮಣ್ಣಿ.

ಹುಡುಗ ಹಿಂದೆ ತಿರುಗಿ ನೋಡಿದ. ಅವನ ಹಿಂದೆ ಯಾರೂ ಇರಲಿಲ್ಲ.

ಹುಡುಗನ ತಾಯಿ ಶಾಂತಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕಂಡಳು. ಅಜ್ಜಿಗೆ ಅರಳುಮರಳು ಅಂದುಕೊಂಡು ಬಿಡಬಹುದಿತ್ತು. ಆದರೆ ತಾನೂ ನಾಲ್ಕೈದು ತಿಂಗಳಿಂದ ನೋಡುತ್ತಲೇ ಇದ್ದು, ನೋಡಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದನ್ನು ಈ ಮುದುಕಿ ಒಂದೇ ಮಾತಿನಲ್ಲಿ ಆಡಿಬಿಟ್ಟಿದ್ದರು. ಮಗನ ಮುಖ ದಿನದಿನಕ್ಕೂ ಸತ್ತ ತಾತನ ಮುಖವಾಗುತ್ತಿತ್ತು.

ಆ ತಾತ, ಬಸಮ್ಮಣ್ಣಿಯ ಗಂಡ ಕರಿಬಸವಯ್ಯ, ಶಾಂತಾದೇವಿಯ ತಾಯಿಯ ತಂದೆ, ಅವಳನ್ನು ಸಾಕಿ ಬೆಳೆಸಿದವರು. ಅವಳಿಗೆ ಹನ್ನೆರಡು ವರ್ಷವಿದ್ದಾಗ ತಾಯಿ ತೀರಿಕೊಂಡಳು. ತಂದೆ ಲಿಂಗಯ್ಯ ಎರಡು ವರ್ಷದ ಮಗನನ್ನು ನಂಜನಗೂಡಿನಲ್ಲಿ ತಮ್ಮ ಅಕ್ಕನ ಮಡಿಲಿಗೆ ಹಾಕಿ, ಮಗಳನ್ನು ತಾಯಿಯ ತವರಿಗೆ ಕಳಿಸಿದ್ದರು. ಮನೆಯ ಮುಂಭಾಗದಲ್ಲಿ ತಾತನ ತಗಡಿನ ಟ್ರಂಕಿನ ಕಾರ್ಖಾನೆ. ಕಾರ್ಖಾನೆ ಅಂದರೆ ಎರಡು ಕತ್ತರಿ, ನಾಲ್ಕು ಸುತ್ತಿಗೆ, ತಗಡು ಇಟ್ಟು ಬಡಿಯುವ ಒಂದು ಅಡಿಗಲ್ಲು, ತಾತ ಮತ್ತು ಅವರ ಮಗ ಚನ್ನಬಸವಯ್ಯ. ಬೆಳಿಗ್ಗೆ ಎಂಟರಿಂದ ಸುತ್ತಿಗೆಯ ಸದ್ದು. ಆ ಸದ್ದಿನ ಒಳಗೇ ಶಾಂತಾದೇವಿ ಓದಿದಳು, ಉಂಡಳು, ದೊಡ್ಡವಳಾದಳು. ಸಂಜೆ ತಾತ ಕೈತೊಳೆದು ಬಂದು, ಗಂಟು ಗಂಟಾದ ಬೆರಳಿನಲ್ಲಿ ಅವಳ ಹಣೆಗೆ ತಾವೇ ವಿಭೂತಿ ಹಚ್ಚುತ್ತಿದ್ದರು.

ಹತ್ತೊಂಬತ್ತಕ್ಕೆ ಅವಳನ್ನು ಚನ್ನಬಸವಯ್ಯನಿಗೇ ತರುವುದೆಂದು ಬಸಮ್ಮಣ್ಣಿ ನಿಶ್ಚಯಿಸಿದರು. ಸೋದರಮಾವನಿಗೆ ಅಕ್ಕನ ಮಗಳು. ಅದರಲ್ಲಿ ಹೊಸದೇನೂ ಇರಲಿಲ್ಲ. ನೆಂಟರೆಲ್ಲ ಸೈ ಅಂದರು. ತಾತ ಮಾತ್ರ ಬೇಡವೆಂದರು.

"ಒಂದೇ ಬಾವಿ ನೀರ ಎಷ್ಟು ಸಲ ಸೇದ್ತೀರಿ? ಹೊರಗಡೆಯಿಂದ ಹೆಣ್ಣು ತನ್ನಿ."

"ಅದ್ಯಾಕ್ರೀ? ನಮ್ಮ ಅತ್ತೆ ಮಾವನೂ ಅಂಗೇ ಅಲ್ವಾ ಆಗಿದ್ದು? ನಿಮ್ಮವ್ವ ನಿಮ್ಮಪ್ಪನ ಅಕ್ಕನ ಮಗಳೇ ಅಲ್ವಾ?"

"ಅದಕ್ಕೇ ಹೇಳ್ತಿರೋದು," ಅಂದರು ತಾತ. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡಲಿಲ್ಲ.

೧೯೮೫ರ ವೈಶಾಖದಲ್ಲಿ ಮದುವೆ ಆಯಿತು. ಅಕ್ಷತೆ ಹಾಕಲು ಬಂದ ತಾತ ಊಟಕ್ಕೆ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಅರ್ಧ ಆಗಿದ್ದ ಟ್ರಂಕಿನ ಮೇಲೆ ಒಬ್ಬರೇ ಕೂತಿದ್ದರಂತೆ. ತನ್ನನ್ನು ಸಾಕಿದವರೇ ತನ್ನ ಮದುವೆಗೆ ಬೆನ್ನು ತಿರುಗಿಸಿದರೆಂದು ಶಾಂತಾದೇವಿಗೆ ಬಹಳ ನೋವಾಯಿತು. ಮರುವರ್ಷ ಶ್ರಾವಣದಲ್ಲಿ ತಾತ ಹಾಸಿಗೆ ಹಿಡಿದರು. ಏಳು ತಿಂಗಳ ಬಸುರಿಯಾಗಿದ್ದ ಅವಳನ್ನು ಹತ್ತಿರ ಕರೆದು, "ಮಗೂನ ಚಳಿಗೆ ಬುಡಬೇಡ ಕಣವ್ವ" ಅಂದರು. ಮಗು ಹುಟ್ಟುವ ಮೊದಲೇ, ಚಳಿಗಾಲ ಇನ್ನೂ ದೂರವಿರುವಾಗ ಚಳಿಯ ಮಾತು! ಜ್ವರದ ಬಡಬಡಿಕೆ ಅಂದುಕೊಂಡಳು. ವಾರದೊಳಗೆ ತಾತ ಹೋದರು. ಎರಡು ತಿಂಗಳಿಗೆ ನಾಗಾರ್ಜುನ ಹುಟ್ಟಿದ.

ಮೊದಲ ಚಳಿಗಾಲದಲ್ಲೇ ಕೂಸಿನ ಬೆರಳುಗಳ ಮೇಲೆ ಕೆಂಪು ಬಾವು ಎದ್ದವು. ಜ್ವರ ಬಂತು. ಬೇಸಿಗೆಗೆ ಹೋಯಿತು. ಮುಂದಿನ ಚಳಿಗೆ ಮತ್ತೆ ಬಂತು. ಡಾಕ್ಟರೊಬ್ಬರು ಪ್ರೈಮರಿ ಕಾಂಪ್ಲೆಕ್ಸ್ ಎಂದು ಒಂಬತ್ತು ತಿಂಗಳು ಕ್ಷಯದ ಔಷಧ ಕೊಟ್ಟರು. ಇನ್ನೊಬ್ಬರು ರಕ್ತ ಕೆಟ್ಟಿದೆ ಅಂದರು. ಎರಡೂವರೆ ವರ್ಷದ ನಂತರ ಹುಟ್ಟಿದ ಲಾಸ್ಯಾಳಿಗೆ ಇದೇನೂ ಆಗಲಿಲ್ಲ. ಗುಂಡುಗುಂಡಾಗಿ ಬೆಳೆದಳು. ನಾಗಾರ್ಜುನನ ಮುಖದ ಮಾಂಸ ಮಾತ್ರ ವರ್ಷ ವರ್ಷಕ್ಕೂ ಕರಗುತ್ತ ಹೋಯಿತು. ಬೆರಳು ಉದ್ದವಾಗಿ, ತುದಿ ದಪ್ಪವಾಗಿ, ಗಿಣ್ಣು ಬಾಗಿ, ಐವತ್ತು ವರ್ಷ ಸುತ್ತಿಗೆ ಹಿಡಿದವರ ಬೆರಳಿನ ಹಾಗೆ ಕಾಣತೊಡಗಿತು.

ಆ ಬೆಳಗಿನ ನಂತರ ಮನೆಯ ರೀತಿಯೇ ಬದಲಾಯಿತು. ಬಸಮ್ಮಣ್ಣಿ ಹುಡುಗನಿಗೆ ಬಹುವಚನ ಹಚ್ಚಿದರು. ಅವನು ಉಂಡ ಮೇಲೆ ತಾವು ಉಣ್ಣುತ್ತಿದ್ದರು. ಅವನು ಆಟದ ನಡುವೆ ಓಡಿ ಬಂದರೆ ಈ ಅರವತ್ತೈದರ ಮುದುಕಿ ದಡಬಡಿಸಿ ಎದ್ದು ನಿಲ್ಲುತ್ತಿದ್ದರು. ಪಕ್ಕದ ಮನೆಯವರು ಗೋಡೆಯ ಮೇಲಿನ ತಾತನ ಫೋಟೋ ನೋಡಿ, ಹುಡುಗನನ್ನು ನೋಡಿ, ಮಾತು ಬದಲಿಸುತ್ತಿದ್ದರು. ಚನ್ನಬಸವಯ್ಯ ಮಗನನ್ನು ಕಾರ್ಖಾನೆಗೆ ಕರೆದುಕೊಂಡು ಹೋಗುವುದನ್ನು ಬಿಟ್ಟ. ಅಪ್ಪನ ಮಾತು ಮೀರಿ ಮದುವೆಯಾದದ್ದು ಅವನ ಎದೆಯಲ್ಲಿ ಮುಳ್ಳಿನಂತೆ ಇತ್ತು. ಈಗ ಆ ಅಪ್ಪ ತನ್ನ ಮಗನ ಚಡ್ಡಿ ಹಾಕಿಕೊಂಡು ಮನೆಯೊಳಗೆ ಓಡಾಡುತ್ತಿದ್ದ.

ಒಂದು ಮಧ್ಯಾಹ್ನ, ಜ್ವರ ಏರಿದ್ದಾಗ, ಊಟಕ್ಕೆ ಬಂದ ಚನ್ನಬಸವಯ್ಯ ಕೋಣೆಯ ಬಾಗಿಲಲ್ಲಿ ನಿಂತು ಇಣುಕಿದ. ಹಾಸಿಗೆಯಿಂದ ಹುಡುಗ ಅವನನ್ನೇ ದಿಟ್ಟಿಸಿ, ಒಣಗಿದ ಗಂಟಲಲ್ಲಿ ಹೇಳಿದ:

"ನನ್ನ ಮಾತು ಮೀರಿ ಮಾಡಿದ್ರಲ್ಲ."

ಚನ್ನಬಸವಯ್ಯ ಉಣ್ಣದೆ ಹೊರಟುಹೋದ. ಅದಾದ ಮೇಲೆ ಎಷ್ಟೋ ವರ್ಷ ಆ ಕೋಣೆಗೆ ಕಾಲಿಡಲಿಲ್ಲ. ಮಠಕ್ಕೆ ಹೋಗಿ ಹಿರಿಯ ಸ್ವಾಮಿಗಳೊಬ್ಬರ ಮುಂದೆ ಎಲ್ಲವನ್ನೂ ತೋಡಿಕೊಂಡ. ಅವರು ಸಿಟ್ಟಾದರು. "ಸತ್ತೋರು ಲಿಂಗೈಕ್ಯ ಆದ್ರು ಅಂತ ಹೇಳ್ಕೊಳೋ ಜನ ಕಣಯ್ಯ ನಾವು. ನಮ್ಮಲ್ಲಿ ಯಾರೂ ವಾಪಸ್ ಬರಲ್ಲ. ಹೋಗು, ಮಗೂನ ದೊಡ್ಡಾಸ್ಪತ್ರೆಗೆ ತೋರಿಸು." ಚನ್ನಬಸವಯ್ಯ ಅಡ್ಡಬಿದ್ದು ಬಂದ. ಸ್ವಾಮಿಗಳ ಮಾತು ಸರಿ ಎಂದು ಹೆಂಡತಿಗೂ ಹೇಳಿದ. ಹೇಳುವಾಗಲೂ ಕೋಣೆಯ ಬಾಗಿಲ ಕಡೆ ಬೆನ್ನು ಮಾಡಿ ನಿಂತಿದ್ದ.

ಶಾಂತಾದೇವಿಗೆ ಬೆನ್ನು ಮಾಡುವ ಹಾಗಿರಲಿಲ್ಲ. ಉಣಿಸುವವಳು, ಉಡಿಸುವವಳು, ಬಾವಿನ ಮೇಲೆ ಹತ್ತಿ ಒತ್ತುವವಳು ಅವಳೇ. ತಾತನನ್ನು ಅವಳು ಪ್ರೀತಿಸಿದ್ದಳು. ಆದರೆ ಪ್ರೀತಿಸಿದವರೇ ಆಗಲಿ, ಸತ್ತವರ ಮುಖ ಮಡಿಲಲ್ಲಿ ಮಲಗಿ "ಅಮ್ಮಾ" ಅಂದರೆ ಏನು ಮಾಡುವುದು? ಹಗಲಿನಲ್ಲೇ, ಬಿಸಿಲು ಬಿದ್ದ ಬಚ್ಚಲಿನಲ್ಲೇ ಅವಳಿಗೆ ಹೆದರಿಕೆಯಾಗುತ್ತಿತ್ತು. ಒಂದು ಭಾನುವಾರ ಎಣ್ಣೆ ನೀರು ಹಾಕುತ್ತಿದ್ದಾಗ ಹುಡುಗ ಕೇಳಿದ:

"ಅಮ್ಮಾ, ಕಣ್ಣು ಮುಚ್ಕೊಂಡು ಯಾಕೆ ಎಣ್ಣೆ ಹಚ್ತೀಯಾ?"

"ಎಣ್ಣೆ ಕಣ್ಣಿಗೆ ಹಾರತ್ತೆ ಕಣೋ."

"ನಿನ್ನ ಕಣ್ಣಿಗಾ?"

ಅವಳು ಇನ್ನಷ್ಟು ಎಣ್ಣೆ ಸುರಿದು ಅವನ ತಲೆ ತಿಕ್ಕಿದಳು. ಅವನಿಗೆ ಆಗ ಒಂಬತ್ತು ವರ್ಷ. ಮುಂದಿನ ಭಾನುವಾರದಿಂದ ತಾನೇ ಸ್ನಾನ ಮಾಡುತ್ತೇನೆಂದು ಹಟ ಹಿಡಿದ. ಬಾಗಿದ ಬೆರಳಿನಿಂದ ಎಣ್ಣೆ ಬಟ್ಟಲು ಜಾರಿ ಬೀಳುವ ಸದ್ದು ಬಚ್ಚಲಿನಿಂದ ಕೇಳುತ್ತಿತ್ತು. ಅವಳು ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ನಾಲ್ಕನೆಯ ತರಗತಿಗೆ ಶಾಲೆ ನಿಂತಿತು. ಬೇರೆ ಮಕ್ಕಳು ಅಂಜುತ್ತಾರೆಂದು ಮೇಷ್ಟರು ನಯವಾಗಿಯೇ ಹೇಳಿ ಕಳಿಸಿದರು. ಮನೆಗೆ ನೆಂಟರು ಬಂದರೆ ನಾಗಾರ್ಜುನ ಒಳಕೋಣೆ ಸೇರುವುದು ರೂಢಿಯಾಯಿತು. ಒಳಗೆ ಹೋಗೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಕಳಚುವ ಸದ್ದಾದರೆ ಅವನೇ ಎದ್ದು ಹೋಗುತ್ತಿದ್ದ.

೧೯೯೯ರ ಜನವರಿಯಲ್ಲಿ, ಹನ್ನೆರಡು ತುಂಬಿ ಮೂರು ತಿಂಗಳಾಗಿದ್ದಾಗ, ಹತ್ತು ದಿನ ಜ್ವರ ಇಳಿಯಲಿಲ್ಲ. ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿ ಬಿಂದುಶ್ರೀ ಎಂಬ ಚಿಕ್ಕ ವಯಸ್ಸಿನ ಮಕ್ಕಳ ಡಾಕ್ಟರು. ಬೇರೆಯವರಂತೆ ಅವನ ಮುಖ ಕಂಡು ಕಣ್ಣು ಸರಿಸಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ತಮ್ಮ ಅಂಗೈಯಲ್ಲಿಟ್ಟುಕೊಂಡು ನೋಡಿದರು. ನಾಲ್ಕನೆಯ ದಿನ ಗಂಡ ಹೆಂಡತಿಯನ್ನು ಕೂರಿಸಿ ಕೇಳಿದರು:

"ನಿಮ್ಮಿಬ್ಬರಿಗೂ ಮದುವೆಗೆ ಮುಂಚೆ ಸಂಬಂಧ ಇತ್ತಾ?"

"ಇವ್ರು ನಮ್ಮ ಸೋದರಮಾವ," ಅಂದಳು ಶಾಂತಾದೇವಿ.

ಡಾಕ್ಟರು ಎಕ್ಸ್‌ರೇ ಕವರಿನ ಹಿಂದೆ ಪೆನ್ನಿನಿಂದ ಗೆರೆ ಎಳೆದರು. ಕೆಳಗೆ ನಾಗಾರ್ಜುನ. ಅವನಿಂದ ಅಪ್ಪನಿಗೆ ಒಂದು ಗೆರೆ, ಅಪ್ಪನಿಂದ ಅಪ್ಪನ ತಂದೆಗೆ. ಇನ್ನೊಂದು ಗೆರೆ ಅಮ್ಮನಿಗೆ, ಅಮ್ಮನಿಂದ ಅವಳ ತಾಯಿಗೆ, ಆ ತಾಯಿಯಿಂದ ಅವಳ ತಂದೆಗೆ. ಎರಡು ಗೆರೆಯೂ ಮೇಲೆ ಹೋಗಿ ಒಂದೇ ಕಡೆ ಸೇರಿದವು.

"ಇದು ಅಂಟುರೋಗ ಅಲ್ಲ, ರಕ್ತ ಕೆಟ್ಟಿದ್ದೂ ಅಲ್ಲ. ವಂಶದಲ್ಲಿ ಬರೋ ಒಂದು ದೋಷ. ಒಂದೇ ಕಡೆಯಿಂದ ಬಂದ್ರೆ ಏನೂ ಆಗಲ್ಲ, ಜನ ಆರೋಗ್ಯವಾಗಿ ಬದುಕಿ ಹೋಗ್ತಾರೆ. ಎರಡೂ ಕಡೆಯಿಂದ ಬಂದ್ರೆ ಕಾಯಿಲೆ. ಜಪಾನಿನ ಡಾಕ್ಟರುಗಳು ಇಂಥ ಮಕ್ಕಳ ಬಗ್ಗೆ ಐವತ್ತು ವರ್ಷದಿಂದ ಬರೀತಿದ್ದಾರೆ. ಚಳಿಗಾಲದಲ್ಲಿ ಬಾವು, ಜ್ವರ, ಮುಖ ಕರಗೋದು, ಬೆರಳು ಬಾಗೋದು. ಯಾಕೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಇವನದ್ದೂ ಅದೇ ಇರಬೇಕು ಅಂತ ನನ್ನ ಅನುಮಾನ."

ಶಾಂತಾದೇವಿ ಗೆರೆಗಳು ಸೇರಿದ ಜಾಗವನ್ನೇ ನೋಡುತ್ತಿದ್ದಳು. "ಇಲ್ಲಿರೋದು ನಮ್ಮ ತಾತ," ಅಂದಳು. "ಅಂದ್ರೆ ತಾತ ಬಂದಿರೋದು ನಿಜ ಅನ್ನಿ ಡಾಕ್ಟ್ರೇ. ಎರಡೂ ಕಡೆಯಿಂದ ಬಂದಿದಾರೆ."

ಚನ್ನಬಸವಯ್ಯ ಎದ್ದು ವರಾಂಡಕ್ಕೆ ಹೋಗಿ ಕಂಬಕ್ಕೆ ಒರಗಿ ಅತ್ತ. ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಸ್ಟೀರಾಯ್ಡ್ ಮಾತ್ರೆಗೆ ಜ್ವರ ಇಳಿಯಿತು, ಬಾವು ತಗ್ಗಿತು. ಕರಗಿದ ಮುಖ ಮಾತ್ರ ಮರಳಲಿಲ್ಲ. ಮನೆಗೆ ಬಂದ ದಿನ ಶಾಂತಾದೇವಿ ಆ ಕವರನ್ನು ಅಜ್ಜಿಯ ಮುಂದೆ ಹಾಸಿ ಹೇಳಿದಳು. ಅಕ್ಷರ ಬಾರದ ಬಸಮ್ಮಣ್ಣಿ ಬಹಳ ಹೊತ್ತು ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ, ತಾತನ ಗೆರೆಯ ಪಕ್ಕದ ಖಾಲಿ ಜಾಗದಲ್ಲಿ ಬೆರಳಿಟ್ಟರು.

"ಇಲ್ಲೊಬ್ಬನಿದ್ದ ಕಣವ್ವ."

"ಯಾರಜ್ಜಿ?"

"ನಿಮ್ಮ ತಾತನ ಬೆನ್ನಿಗೆ ಹುಟ್ಟಿದೋನು. ಚಿಕ್ಕಯ್ಯ ಅಂತ ಕರೀತಿದ್ರಂತೆ. ಚಳಿ ಬಂದ್ರೆ ಊದ್ಕೋತಿದ್ನಂತೆ. ಎಂಟೊಂಬತ್ತು ವರ್ಸಕ್ಕೇ ಮುದುಕನ ಮುಖ. ಸೌದೆ ಕೋಣೇಲಿ ಇಟ್ಟಿದ್ರಂತೆ, ಯಾರ ಕಣ್ಣಿಗೂ ಬೀಳಬಾರ್ದು ಅಂತ. ನಿಮ್ಮ ತಾತಾನೇ ಊಟ ತಗೊಂಡೋಗಿ ಕೊಡ್ತಿದ್ದಿದ್ದು. ಒಂದಿನ ಚಳಿ ಬೆಳಿಗ್ಗೆ ಹೋದ್ರೆ ಉಸಿರೇ ಇರ್ಲಿಲ್ಲ, ಹೋಗ್ಬುಟ್ಟಿದ್ದ."

"ನಿಮಗೆ ಯಾವಾಗ ಹೇಳಿದ್ರು?"

ಬಸಮ್ಮಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಿನ್ನ ಮದುವೆ ವಾರ. ಸುಮ್ನಿರಿ, ಮನೆ ಮರ್ವಾದೆ ಹೋಗತ್ತೆ ಅಂದ್ಬುಟ್ಟೆ. ಇಂಥದ್ದು ಇತ್ತು ಅಂತ ಗೊತ್ತಾದ್ರೆ ಹೊರಗಿನೋರು ನಮ್ಮನೆಗೆ ಹೆಣ್ಣು ಕೊಡ್ತಿದ್ರಾ? ನಿನ್ನ ಯಾರು ತಗೋತಿದ್ರು, ತಾಯಿ ಇಲ್ಲದೋಳು? ನನ್ನ ಕಣ್ಣ ಮುಂದೆ ಇರ್ಲಿ ಅಂತ..."

ಶಾಂತಾದೇವಿ ಎದ್ದು ಹಿತ್ತಲಿಗೆ ಹೋದಳು. ಸಿಟ್ಟನ್ನು ಯಾರ ಮೇಲೆ ಹಾಕುವುದು? ಅನ್ನ ಹಾಕಿ ಬೆಳೆಸಿದ ಅಜ್ಜಿಯ ಮೇಲೆಯೇ? ಹೇಳಲು ಬಂದು ಬಾಯಿ ಮುಚ್ಚಿಕೊಂಡ ತಾತನ ಮೇಲೆಯೇ? "ಚಳಿಗೆ ಬುಡಬೇಡ" ಅಂದಿದ್ದರು. ಅಷ್ಟನ್ನಾದರೂ ಹೇಳಿಹೋಗಿದ್ದರು. ಅವಳು ಅಜ್ಜಿಯೊಂದಿಗೆ ಜಗಳವಾಡಲಿಲ್ಲ. ಹೊತ್ತುಹೊತ್ತಿಗೆ ಬಡಿಸಿದಳು, ಕಾಲೊತ್ತಿದಳು. ಆದರೆ ಐದು ವರ್ಷಕ್ಕೆ ಮುದುಕಿ ಕಣ್ಣು ಮುಚ್ಚುವವರೆಗೂ, ಅಡುಗೆ ಮತ್ತು ಔಷಧಿಯ ಮಾತು ಬಿಟ್ಟು ಬೇರೆ ಮಾತು ಅವರಿಬ್ಬರ ನಡುವೆ ನಡೆಯಲಿಲ್ಲ.

ಚಿಕ್ಕಯ್ಯನ ಕತೆ ಕೇಳಿದ ಮೇಲೆ ಅವಳಿಗೆ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಒಬ್ಬರಿದ್ದ ಕಡೆ ಈಗ ಇಬ್ಬರಾದರು. ಹಿತ್ತಲಿನ ಸೌದೆ ಕೋಣೆಯಲ್ಲಿ ಎಷ್ಟೋ ವರ್ಷದಿಂದ ಗ್ಯಾಸ್ ಸಿಲಿಂಡರು, ಹಳೇ ಹಾಸಿಗೆ ಇಡುತ್ತಿದ್ದರು. ಅಲ್ಲಿಗೆ ಹೋದಾಗಲೆಲ್ಲ ಬಾಗಿಲು ತೆಗೆಯುವ ಮುಂಚೆ ಅವಳ ಕೈ ತಾನೇ ತಾನಾಗಿ ಒಮ್ಮೆ ಬಾಗಿಲು ತಟ್ಟುತ್ತಿತ್ತು, ಒಳಗಿರುವವರಿಗೆ ತಿಳಿಯಲಿ ಎಂಬಂತೆ.

ಒಂದು ದಿನ ಅವಳು ಧೈರ್ಯ ಮಾಡಿ ಮಗನನ್ನು ಕೇಳಿದಳು. "ಆವತ್ತು ಜ್ವರದಲ್ಲಿ ಅಪ್ಪಂಗೆ ಒಂದು ಮಾತು ಅಂದೆಯಲ್ಲ, ಮಾತು ಮೀರಿ ಮಾಡಿದ್ರಿ ಅಂತ. ನೆನಪಿದ್ಯಾ?"

ನಾಗಾರ್ಜುನ ನಕ್ಕ. "ಅಜ್ಜಿ ದಿನಾ ದೇವರ ಮುಂದೆ ಅದನ್ನೇ ಹೇಳ್ಕೊಂಡು ಅಳ್ತಿದ್ರಲ್ಲಮ್ಮ, 'ನಿಮ್ಮ ಮಾತು ಮೀರಿ ಮಾಡ್ಬುಟ್ಟೆ' ಅಂತ. ನಾನು ತಾತ ಆಗಿದ್ರೆ ಅಜ್ಜಿ ಎದ್ದು ನಿಂತ್ಕೊಳೋರು. ಅಪ್ಪಾನೂ ಒಳಗೆ ಬಂದು ಪಕ್ಕದಲ್ಲಿ ಕೂತ್ಕೋತಾರೆ ಅಂದ್ಕೊಂಡೆ."

"ಬರ್ಲಿಲ್ಲ."

"ಬರ್ಲಿಲ್ಲ," ಅಂದ ಅವನು, ದೂರದವರ ಸುದ್ದಿ ಹೇಳುವ ಹಾಗೆ.

ಆಸ್ಪತ್ರೆಯ ನಂತರ ಚನ್ನಬಸವಯ್ಯ ಬರತೊಡಗಿದ. ಮಾತು ಕಡಿಮೆಯ ಮನುಷ್ಯ. ಒಂದು ದಿನ ಹೊಸ ಟ್ರಂಕೊಂದನ್ನು, ಬಣ್ಣದ ಡಬ್ಬಿಯನ್ನು ತಂದು ಮಗನ ಮುಂದಿಟ್ಟು, "ಹಾಸ್ಟೆಲ್ ಹುಡುಗರದ್ದು, ಹೆಸರು ಬರೀಬೇಕು" ಅಂದ. ಬ್ರಷ್ಷಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು, ಎರಡು ಕೈಯಲ್ಲಿ ಹಿಡಿದು, ನಾಗಾರ್ಜುನ ಬರೆದ. ಅಕ್ಷರ ಚೆನ್ನಾಗಿತ್ತು. ಮುಂದೆ ಎಂಟು ವರ್ಷ ಮೈಸೂರಿನ ಹಾಸ್ಟೆಲುಗಳ ಮಂಚದ ಕೆಳಗೆ ಎಷ್ಟೋ ಹುಡುಗರ ಹೆಸರು ಅವನ ಕೈಬರಹದಲ್ಲಿತ್ತು. ಅವರಲ್ಲಿ ಒಬ್ಬರೂ ಅವನನ್ನು ಕಂಡಿರಲಿಲ್ಲ.

ಡಾಕ್ಟರ್ ಬಿಂದುಶ್ರೀ ಸಂಶೋಧನೆಗೆಂದು ಬೇರೆ ಊರಿಗೆ ಹೋಗುವ ಮುಂಚೆ ಮನೆಯ ನಾಲ್ವರ ರಕ್ತ ತೆಗೆದುಕೊಂಡಿದ್ದರು. ವರ್ಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ೨೦೦೮ರ ಫೆಬ್ರವರಿಯಲ್ಲಿ ಮನೆಗೇ ಬಂದರು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಇಪ್ಪತ್ತೊಂದು ವರ್ಷದ, ಮೂವತ್ತೈದು ಕಿಲೋ ತೂಗುವ ನಾಗಾರ್ಜುನನ ಎದುರು ಚಾಪೆಯ ಮೇಲೆ ಕೂತು, ಅವನಿಗೇ ಹೇಳಿದರು.

"ನಿನ್ನ ಕಾಯಿಲೆ ಎಲ್ಲಿದೆ ಅಂತ ಸಿಕ್ಕಿದೆ ಅನ್ಸತ್ತೆ ಕಣಪ್ಪ. ಇನ್ನೂ ಅಚ್ಚಾಗಿಲ್ಲ, ಖಚಿತ ಮಾಡೋಕೆ ಇನ್ನೂ ಎರಡು ಮೂರು ವರ್ಷ ಬೇಕು. ಆದ್ರೆ ನಿಂಗೆ ಮೊದಲು ಹೇಳಬೇಕು ಅನ್ನಿಸ್ತು."

"ಹೇಳಿ ಮೇಡಂ."

"ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಪ್ರೋಟೀನು ತಯಾರಾಗ್ತಾನೇ ಇರತ್ತೆ, ಹಳೇದು ಕೆಡ್ತಾನೇ ಇರತ್ತೆ. ಕೆಟ್ಟಿದ್ದನ್ನ ಚೂರುಚೂರು ಮಾಡೋಕೆ ಕೋಶದೊಳಗೇ ಒಂದು ಕೊಳವೆ ಥರದ್ದು ಇದೆ. ಒಂದು ಕಡೆ ಹಾಕಿದ್ರೆ ಇನ್ನೊಂದು ಕಡೆ ಪುಡಿ ಬರತ್ತೆ. ಜ್ವರ, ಬಾವು ಬಂದಾಗ ರೋಗದ ಜೊತೆ ಹೊಡೆದಾಡೋ ಕೋಶಗಳಿಗೆ ಅದರ ಕೆಲಸ ಹತ್ತು ಪಟ್ಟು ಬೇಕು. ಆ ಕೊಳವೆಯ ಒಂದು ತುಂಡನ್ನ ಮಾಡೋ ಜೀನಿನಲ್ಲಿ, ಅಂದ್ರೆ ವಂಶದಿಂದ ಬಂದ ಬರಹದಲ್ಲಿ, ನಿಂಗೆ ಒಂದೇ ಒಂದು ಅಕ್ಷರ ತಪ್ಪಿದೆ. ತುಂಡು ಸರಿಯಾಗಿ ಕೂರಲ್ಲ. ಕೆಟ್ಟ ಪ್ರೋಟೀನು ಒಳಗೇ ಗುಡ್ಡೆ ಬೀಳತ್ತೆ."

"ಗುಡ್ಡೆ ಬಿದ್ರೆ?"

"ಕೋಶ ಗಾಬರಿ ಆಗತ್ತೆ. ಒಳಗೆ ಯಾರೋ ವೈರಿ ನುಗ್ಗಿದಾನೆ ಅಂತ ಕೂಗತ್ತೆ. ಆ ಕೂಗು ಕೇಳಿ ಬೇರೆ ಕೋಶಗಳು ಓಡಿ ಬರ್ತವೆ. ಅವುಗಳ ಒಳಗೂ ಅದೇ ಗುಡ್ಡೆ, ಅವೂ ಕೂಗ್ತವೆ. ನಿಜವಾಗಿ ವೈರೀನೇ ಇಲ್ಲ. ಆದ್ರೂ ಹೊಡೆದಾಟ ನಿಲ್ಲಲ್ಲ. ಚಳಿ ಬಿದ್ರೆ ಸಾಕು, ಮತ್ತೆ ಶುರು. ಆ ಹೊಡೆದಾಟದಲ್ಲೇ ನಿನ್ನ ಕೆನ್ನೆ ಕೆಳಗಿನ ಕೊಬ್ಬು ಹೋಗಿದ್ದು, ಬೆರಳು ಬಾಗಿದ್ದು."

ನಾಗಾರ್ಜುನ ಗೋಡೆಯ ಮೇಲಿನ ತಾತನ ಫೋಟೋ ಕಡೆ ತಿರುಗಿದ. "ಹಂಗಾದ್ರೆ ಈ ಮುಖ ತಾತನದ್ದಲ್ಲ."

"ಅಲ್ಲ. ತಪ್ಪು ಅಕ್ಷರ ತಾತನಿಂದ ಬಂದಿದ್ದು, ಮುಖ ಕಾಯಿಲೆದು. ಜಪಾನಿನ ಹುಡುಗರ ಫೋಟೋ ನೋಡಿದೀನಿ. ಥೇಟ್ ನಿನ್ನ ಅಣ್ಣತಮ್ಮಂದಿರ ಹಂಗೆ ಇದಾರೆ."

"ಅವರ ಮನೇಲೂ ತಾತ ವಾಪಸ್ ಬಂದಿದಾರೆ ಅಂದಿರ್ತಾರಾ?" ಅಂದು ನಕ್ಕ. ಎಲ್ಲರೂ ನಕ್ಕರು. ಶಾಂತಾದೇವಿಗೆ ಮಾತ್ರ ನಗು ಬರಲಿಲ್ಲ. ಬೇರಾವುದೋ ದೇಶದಲ್ಲಿ, ಬೇರಾವುದೋ ತಾಯಿ ಮಗನ ತಲೆಗೆ ಎಣ್ಣೆ ಹಚ್ಚುವಾಗ ಕಣ್ಣು ಮುಚ್ಚಿಕೊಂಡಿರಬಹುದೇ ಎಂದು ಯೋಚಿಸುತ್ತಿದ್ದಳು.

ಅದೇ ವರ್ಷದ ಮೇ ತಿಂಗಳಲ್ಲಿ ನಂಜನಗೂಡಿನಿಂದ ಅವಳ ತಂದೆ ಲಿಂಗಯ್ಯ ಬಂದರು. ಜೊತೆಗೆ, ಸೋದರತ್ತೆಯ ಮನೆಯಲ್ಲಿ ಬೆಳೆದ ಅವಳ ತಮ್ಮ ಸಿದ್ದಲಿಂಗಸ್ವಾಮಿ. ಅವನಿಗೆ ಮೂವತ್ತೆರಡು, ಬಟ್ಟೆ ಅಂಗಡಿಯಲ್ಲಿ ಕೆಲಸ. ಒಳ್ಳೆಯ ಹುಡುಗ. ತಟ್ಟೆಯಲ್ಲಿ ಹೂವು ಹಣ್ಣು ಕಂಡ ಕೂಡಲೇ ಯಾತಕ್ಕೆ ಬಂದರೆಂದು ಅವಳಿಗೆ ತಿಳಿಯಿತು. ಲಾಸ್ಯಾಳಿಗೆ ಆಗ ಹತ್ತೊಂಬತ್ತು. ಚಪ್ಪಲಿಯ ಸದ್ದಿಗೆ ನಾಗಾರ್ಜುನ ಆಗಲೇ ಒಳಕೋಣೆ ಸೇರಿದ್ದ.

"ಮನೆ ಹುಡುಗಿ ಮನೇಲೇ ಇರ್ಲಿ," ಅಂದರು ಲಿಂಗಯ್ಯ. "ಸೋದರಮಾವ ಇರುವಾಗ ಹೊರಗೆ ಯಾಕೆ ನೋಡ್ಬೇಕು?"

ಚನ್ನಬಸವಯ್ಯ ನೆಲ ನೋಡುತ್ತ ಕೂತಿದ್ದ. ಶಾಂತಾದೇವಿ ಕಾಫಿಯ ತಟ್ಟೆ ಕೆಳಗಿಟ್ಟು, ಒಳಕೋಣೆಯ ಬಾಗಿಲಿಗೆ ಹೋಗಿ, "ನಾಗೂ, ಹೊರಗೆ ಬಾ ಕಣಪ್ಪ" ಅಂದಳು.

ಆಮೇಲೆ ಅವನು ಬಂದ. ಗೋಡೆ ಹಿಡಿದುಕೊಂಡು ಬಂದು, ಸೋದರಮಾವನ ಪಕ್ಕದಲ್ಲಿ ಕೂತ. ಎಷ್ಟೋ ವರ್ಷದಿಂದ ಅವನನ್ನು ನೋಡಿರದ ಸಿದ್ದಲಿಂಗಸ್ವಾಮಿ ಬೆಚ್ಚಿ ಸರಿದ. ಸರಿದದ್ದಕ್ಕೆ ನಾಚಿ ಮತ್ತೆ ಹತ್ತಿರ ಬಂದ. ಶಾಂತಾದೇವಿ ಎಲ್ಲವನ್ನೂ ಹೇಳಿದಳು: ಸೌದೆ ಕೋಣೆಯ ಚಿಕ್ಕಯ್ಯ, ತಾತನ ಮಾತು, ಎರಡು ಗೆರೆ, ಕೊಳವೆ. "ಸಿದ್ದು, ಆ ತಪ್ಪು ಅಕ್ಷರ ನಿನ್ನಲ್ಲೂ ಇರಬಹುದು, ಲಾಸ್ಯಾಳಲ್ಲೂ ಇರಬಹುದು. ನೀವಿಬ್ರೂ ಬೇರೆ ಬೇರೆ ಇದ್ರೆ ಏನೂ ಇಲ್ಲ ಕಣೋ."

"ಅಕ್ಕ, ನನ್ನನ್ನ ಬೇಡ ಅನ್ನೋಕೆ ಇಷ್ಟೆಲ್ಲ ಕತೆ ಯಾಕೆ? ಬಟ್ಟೆ ಅಂಗಡಿಯೋನು ಅಂತ ನೇರವಾಗಿ ಹೇಳ್ಬುಡು."

ಲಿಂಗಯ್ಯ ಎದ್ದರು. "ಸತ್ತೋರ ಮಾನ, ಮನೆ ಮರ್ಯಾದೆ ಎರಡನ್ನೂ ಬೀದಿಗೆ ಹಾಕ್ತಿದ್ದೀಯ."

ಆಗ ಚನ್ನಬಸವಯ್ಯ ತಲೆಯೆತ್ತಿದ. "ಹಾಕ್ಲಿ ಬುಡಿ ಭಾವ. ಒಳಗೆ ಇಟ್ಕೊಂಡು ನೋಡಿದ್ದಾಯ್ತಲ್ಲ, ಎರಡು ಸಲ."

ಅವರು ಕಾಫಿ ಮುಟ್ಟದೆ ಹೋದರು. ಆಮೇಲೆ ಪಾತ್ರೆ ತೊಳೆಯುತ್ತ ಲಾಸ್ಯಾ ತಾಯಿಯ ಮುಖ ನೋಡದೆ ಅಂದಳು: "ನಂಗೆ ಮಾವ ಇಷ್ಟ ಇದ್ರು ಕಣಮ್ಮ. ಒಂದು ಮಾತು ನನ್ನನ್ನೂ ಕೇಳಬಹುದಿತ್ತು." ಶಾಂತಾದೇವಿ ಮಗಳ ತೋಳು ಹಿಡಿಯಲು ಹೋದಳು. ಅವಳು ಸರಿದುಕೊಂಡಳು.

ನಾಗಾರ್ಜುನ ೨೦೦೯ರ ಜನವರಿಯಲ್ಲಿ ತೀರಿಕೊಂಡ. ಹೃದಯಕ್ಕೂ ಬಾವು ತಗುಲಿತ್ತೆಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಹತ್ತು ಗಂಟೆ, ಒಳ್ಳೆಯ ಬಿಸಿಲು. ಸಮಾಧಿಯ ಗೂಡಿಗೆ ಇಳಿಸುವಾಗ ಪದ್ಮಾಸನ ಹಾಕಿ ಕೂರಿಸಲು ಕಷ್ಟವೇ ಆಗಲಿಲ್ಲ, ಅಷ್ಟು ಹಗುರವಾಗಿದ್ದ. ಸಿದ್ದಲಿಂಗಸ್ವಾಮಿ ಬಂದಿದ್ದ. ಹೆಗಲು ಕೊಟ್ಟ. ಅಕ್ಕನೊಂದಿಗೆ ಮಾತಾಡದೆ ಹೋದ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ, ಎಲ್ಲರೂ ಹೊರಟರೂ ಒಬ್ಬ ಮುದುಕಿ ಮಾತ್ರ ಜಗಲಿಯಲ್ಲೇ ಉಳಿದಳು. ತಿ. ನರಸೀಪುರದ ಕಡೆಯ ದೂರದ ನೆಂಟಳು, ಚಲುವಮ್ಮ. ನಂಜನಗೂಡಿನ ಸಂಬಂಧ ಬೇಡವೆಂದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಶಾಂತಾದೇವಿಯ ಪಕ್ಕಕ್ಕೆ ಸರಿದು, ಕಿವಿಯಲ್ಲಿ ಹೇಳಿದಳು: "ನಮ್ಮನೇಲೂ ಒಬ್ಳಿದ್ಲು ಕಣವ್ವ. ನನ್ನ ಅಕ್ಕ. ಆರು ವರ್ಸ ಇದ್ಲು. ಯಾರಿಗೂ ಹೇಳಿರ್ಲಿಲ್ಲ."

ಅಲ್ಲಿಂದ ಶುರುವಾಯಿತು. ಯುಗಾದಿಗೆ ಮುಂಚೆ ಇನ್ನೊಬ್ಬಳು ಬಂದಳು, ಅರಿಶಿನ ಕುಂಕುಮದ ನೆವ ಹೇಳಿಕೊಂಡು. ಮಳೆಗಾಲದಲ್ಲಿ ಇಬ್ಬರು, ಅತ್ತೆ ಸೊಸೆ, ಒಬ್ಬರಿಗೊಬ್ಬರು ತಿಳಿಯದ ಹಾಗೆ ಬೇರೆ ಬೇರೆ ದಿನ. ಎಲ್ಲರೂ ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬರುತ್ತಿದ್ದರು. ಸೆರಗು ಬಾಯಿಗೆ ಅಡ್ಡ ಹಿಡಿದು ತಮ್ಮ ಮನೆಯ ಇಂಥ ಮಗುವಿನ ಕತೆ ಹೇಳಿ, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ಶಾಂತಾದೇವಿ ಪ್ರತಿಯೊಂದನ್ನೂ ಫೋನಿನಲ್ಲಿ ಡಾಕ್ಟರ್ ಬಿಂದುಶ್ರೀಗೆ ತಿಳಿಸಿದಳು. ಅವರು ಊರು, ಸಂಬಂಧ, ವಯಸ್ಸು ಕೇಳಿ ಬರೆದುಕೊಂಡರು. ಆ ಮನೆಗಳ ಹುಡುಗ ಹುಡುಗಿಯರು ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಬಹುದು, ತಾವೇ ಬಂದು ವ್ಯವಸ್ಥೆ ಮಾಡುವುದಾಗಿ ಹೇಳಿದರು. ಮೂರು ಮನೆಯವರು ಒಪ್ಪಿದರು. ಲಾಸ್ಯಾ ತಾನೇ ಹೋಗಿ ಅವರೊಂದಿಗೆ ಮಾತಾಡಿ ಒಪ್ಪಿಸಿದಳು. ತಾಯಿಯೊಂದಿಗೆ ಬಿಟ್ಟ ಮಾತು ಹಾಗೆ ನಿಧಾನವಾಗಿ ಮತ್ತೆ ಹತ್ತಿತು.

ಆದರೆ ಮನೆ ಖಾಲಿಯಾಗಲಿಲ್ಲ. ತಾತ ಹೋದರು, ಚಿಕ್ಕಯ್ಯ ಹೋದ, ನಾಗಾರ್ಜುನ ಹೋದ, ಈಗ ಇವರೆಲ್ಲ. ಕೆಂಪು ಬೆರಳಿನ ಆರು ವರ್ಷದವಳು, ನೇರಳೆ ರೆಪ್ಪೆಯ ಇಬ್ಬರು ಅವಳಿ ಗಂಡುಮಕ್ಕಳು, ಮುದುಕನ ಮುಖದ ಒಬ್ಬ. ಕೆಲಸ ಮಾಡುತ್ತಿದ್ದಾಗ ಅವರೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತಿರುವಂತೆ ಅವಳಿಗೆ ಅನ್ನಿಸುತ್ತಿತ್ತು. ಈಗ ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ. ಆದರೂ ಅವರ ನಡುವೆ ದಾಟಿ ಹೋಗುವಾಗ ಕಾಲು ತಾಗದಂತೆ ನೋಡಿಕೊಳ್ಳುತ್ತಿದ್ದಳು.

ಕೊನೆಗೆ ಬಂದವಳು ಎಂಬತ್ತು ದಾಟಿದವಳು. ಕೋಲೂರಿಕೊಂಡು, ಆಟೋದವನನ್ನು ಬೀದಿಯಲ್ಲೇ ನಿಲ್ಲಿಸಿ ಬಂದಿದ್ದಳು. ತನ್ನ ಚೊಚ್ಚಲ ಕೂಸು, ಎರಡು ಚಳಿಗಾಲ ಕಂಡಿತ್ತು ಅಂದಳು. ಶಾಂತಾದೇವಿ ಪೆನ್ನು ಹಿಡಿದು, "ಹೆಸರೇನಿತ್ತಜ್ಜಿ?" ಎಂದು ಕೇಳಿದಳು.

ಮುದುಕಿ ಕೋಲನ್ನು ಮಡಿಲಿಗೆ ಎಳೆದುಕೊಂಡಳು. ಅರವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಇಟ್ಟೇ ಇರ್ಲಿಲ್ಲ ಕಣವ್ವ," ಅಂದಳು. "ಇಟ್ರೆ ಕರೀಬೇಕಾಯ್ತದೆ ಅಂತ."